ಬೆಚ್ಚಗಿನ ಪೆಟ್ಟಿಗೆ

‘ನಿಮ್ಮ ಕರೆ ನಮಗೆ ಬಹಳ ಮುಖ್ಯ’ ಎಂದು ಫೋನಿನಲ್ಲಿ ಆ ಹೆಂಗಸಿನ ದನಿ ಹನ್ನೊಂದನೆಯ ಸಲ ಹೇಳಿದಾಗ ನಾನು, “ಮುಖ್ಯ ಆದ್ರೆ ಎತ್ತಮ್ಮಾ ತಾಯಿ!” ಎಂದು ಕಿರುಚಿದೆ. ಅದು ರೆಕಾರ್ಡ್ ಮಾಡಿಟ್ಟ ದನಿ ಎಂದು ನನಗೆ ಗೊತ್ತಿಲ್ಲವೇ? ಗೊತ್ತು. ಆದರೂ ಕಿರುಚಿದೆ. ಸೋಮವಾರದಿಂದ ಹೊಟ್ಟೆ ಉರಿಯುತ್ತಿತ್ತು, ಆ ಉರಿಯನ್ನು ಯಾರ ಮೇಲಾದರೂ ಕಕ್ಕಲೇಬೇಕಿತ್ತು.

ನಮ್ಮದು ಕಿವಿ ಕೇಳಿಸದವರಿಗೆ ಮಿಷನ್ ಕೂರಿಸಿಕೊಡುವ ಅಂಗಡಿ. ಮುಂದೆ ಗಾಜಿನ ಕೌಂಟರ್, ಅದರ ಮೇಲೊಂದು ಕಂಪ್ಯೂಟರ್, ಬಂದವರಿಗೆ ನಾಲ್ಕು ಕುರ್ಚಿ. ನಡುವೆ ಹೊರಗಿನ ಸದ್ದು ಬಾರದ ಹಾಗೆ ಗೋಡೆಗೆ ಸ್ಪಂಜು ಬಡಿದ ಸಣ್ಣ ಕೋಣೆ. ಅಲ್ಲಿರುವ ಇನ್ನೊಂದು ಕಂಪ್ಯೂಟರಿನಿಂದ ಮಿಷನ್ನಿನ ದನಿಯನ್ನು ಒಬ್ಬೊಬ್ಬರ ಕಿವಿಗೆ ತಕ್ಕ ಹಾಗೆ ಹದ ಮಾಡುವುದು ನನ್ನ ಕೆಲಸ. ಹಿಂದಿನ ಕೋಣೆ ಮಾವನವರದು. ಮಿಷನ್ ಎಷ್ಟು ದುಬಾರಿಯದಾದರೂ ಅದರ ದನಿ ಸೋರದೆ ಒಳಗೆ ಹೋಗಬೇಕಾದರೆ ಆ ಕಿವಿಯ ಅಳತೆಗೇ ಮಾಡಿದ ಒಂದು ಪುಟ್ಟ ಅಚ್ಚು ಬೇಕು. ನಾವದನ್ನು ಮೋಲ್ಡ್ ಎನ್ನುತ್ತೇವೆ. ಎಪ್ಪತ್ತೆರಡು ವರ್ಷದ ಮಾವ ಅದನ್ನು ಈಗಲೂ ಕೈಯಲ್ಲೇ ಉಜ್ಜಿ, ತೂತು ಕೊರೆದು, ಮೇಲೊಂದು ತೆಳು ಲೇಪ ಬಳಿದು ಕೊಡುತ್ತಾರೆ. ನನ್ನ ಗಂಡ ಊರೂರು ತಿರುಗಿ ಕಿವಿ ಪರೀಕ್ಷೆಯ ಶಿಬಿರ ನಡೆಸುವವರು. ವಾರದಲ್ಲಿ ಐದು ದಿನ ಅಂಗಡಿ ಎಂದರೆ ನಾನು ಮತ್ತು ಮಾವ, ಅಷ್ಟೆ.

ಇಂಟರ್ನೆಟ್ ಕಂಪನಿ ಬದಲಾಯಿಸಿದ್ದು ನನ್ನದೇ ತೀರ್ಮಾನ. “ನಡೀತಾ ಇರೋದನ್ನ ಯಾಕೆ ಕೆಣಕ್ತೀಯ ಮಾರಾಯ್ತಿ?” ಎಂದು ಗಂಡ ಕೇಳಿದ್ದರು. “ಎಲ್ಲಿ ನಡೀತಾ ಇದೆ? ತೆವಳ್ತಾ ಇದೆ” ಎಂದು ಅವರ ಬಾಯಿ ಮುಚ್ಚಿಸಿದ್ದೆ. ಸೋಮವಾರ ಬೆಳಿಗ್ಗೆ ಹೊಸ ಕಂಪನಿಯವನು ಬಂದ. ಏನು ಕೇಳಿದರೂ ‘ಆಗೋಗುತ್ತೆ ಮೇಡಂ’ ಎನ್ನುವ ಆಸಾಮಿ. ಈ ವೈರು ಉದ್ದ ಸಾಲುತ್ತಾ? ಆಗೋಗುತ್ತೆ ಮೇಡಂ. ಒಳಗಿನ ಕಂಪ್ಯೂಟರಿಗೂ ಬರುತ್ತಾ? ಆಗೋಗುತ್ತೆ ಮೇಡಂ. ಕೌಂಟರಿನ ಮೇಲೆ ಹದಿನೈದು ವರ್ಷದಿಂದ ಮಲಗಿದ್ದ ಕಪ್ಪು ರೂಟರನ್ನು ಬಿಚ್ಚಿ ಪಕ್ಕಕ್ಕಿಟ್ಟ. ಬೆರಳು ದಪ್ಪದ, ಬಿಳಿಯ, ನೆಟ್ಟಗೆ ನಿಲ್ಲುವ ಹೊಸದನ್ನು ಅದರ ಜಾಗದಲ್ಲಿ ನಿಲ್ಲಿಸಿದ. ಇಪ್ಪತ್ತೇ ನಿಮಿಷಕ್ಕೆ ಜಾಗ ಖಾಲಿ ಮಾಡಿದ.

ಅವನು ಹೋದ ಮೇಲೆ ನಾನು ಹಳೆಯ ಕಂಪನಿಯವರ ಜೊತೆ ಫೋನಿನಲ್ಲಿ ಕಾಲು ಕೆರೆದು ಜಗಳವಾಡುತ್ತಿದ್ದೆ. ಇವತ್ತಿನಿಂದ ನಿಮ್ಮ ಸಹವಾಸ ಬೇಡ ಎಂದರೆ ಅವರು ಯಾಕೆ, ಏನಾಯಿತು, ಇನ್ನೊಂದು ತಿಂಗಳು ನೋಡಿ ಎಂದು ಜೀವ ತಿನ್ನುತ್ತಿದ್ದರು. ಆ ಹೊತ್ತಿಗೆ ಮಾವ ಬಂದು ಬಿಚ್ಚಿಟ್ಟ ಕಪ್ಪು ಪೆಟ್ಟಿಗೆಯನ್ನು ಎತ್ತಿ ಹಿಡಿದು ನನ್ನನ್ನು ಏನೋ ಕೇಳಿದರು. ನಾನು ಫೋನಿಗೆ ಕೈ ಅಡ್ಡ ಹಿಡಿದು, “ಹೂಂ ಮಾವ, ಹೂಂ, ತಗೊಂಡ್ಹೋಗಿ” ಎಂದು ಕೈಬೀಸಿದೆ. ಹಳೆಯ ಸಾಮಾನು ಅಟ್ಟಕ್ಕೆ ಹಾಕುತ್ತಾರೆ ಎಂದುಕೊಂಡೆ. ಆಮೇಲೆ ಅದರ ಯೋಚನೆಯೇ ಬರಲಿಲ್ಲ.

ಸೋಮವಾರ ಮಧ್ಯಾಹ್ನದಿಂದ ಶುರುವಾಯಿತು ನೋಡಿ ಗ್ರಹಚಾರ.

ನನ್ನ ಕೆಲಸಕ್ಕೆ ಎರಡು ಬೇಕು. ಮಿಷನ್ ಹದ ಮಾಡುವ ಪ್ರೋಗ್ರಾಂ ಇಂಟರ್ನೆಟ್ ಇದ್ದರೆ ಮಾತ್ರ ತೆರೆದುಕೊಳ್ಳುತ್ತದೆ. ಗಿರಾಕಿಗಳ ಕಿವಿಯ ಲೆಕ್ಕವೆಲ್ಲ ಇರುವುದು ಬೀರುವಿನ ಮೇಲೆ ಗುಂಯ್‌ಗುಟ್ಟುವ ನಮ್ಮದೇ ಸರ್ವರಿನಲ್ಲಿ. ಒಳಗಿನ ಕಂಪ್ಯೂಟರಿಗೆ ಇಂಟರ್ನೆಟ್ ಸಿಕ್ಕಾಗ ಸರ್ವರ್ ಕಾಣುವುದಿಲ್ಲ. ಸರ್ವರ್ ಕಂಡಾಗ ಇಂಟರ್ನೆಟ್ ಇಲ್ಲ. ಆಫ್ ಮಾಡಿ ಆನ್ ಮಾಡಿದರೆ ಉಲ್ಟಾ. ಮಂಗಳವಾರ ಅರ್ಧ ಗಂಟೆ ಎರಡೂ ಸರಿಯಾಗಿ ನಡೆದವು. ಅಬ್ಬಾ ಎಂದು ಕುರ್ಚಿಗೆ ಒರಗಿದೆ, ಮತ್ತೆ ಮಾಯ. ಪೂರ್ತಿ ಕೆಟ್ಟು ಬಿದ್ದಿದ್ದರೆ ಬೇಕಾದಷ್ಟು ಮೇಲು. ಹೀಗೆ ಆಸೆ ತೋರಿಸಿ ಕೈಕೊಡುವುದಿದೆಯಲ್ಲ, ಅದು ಮನುಷ್ಯರ ತಲೆ ಕೆಡಿಸುವ ವಿದ್ಯೆ. ಫೈಲನ್ನು ಪೆನ್‌ಡ್ರೈವಿಗೆ ಹಾಕಿಕೊಳ್ಳೋಣವೆಂದರೆ ಆ ಪ್ರೋಗ್ರಾಂ ಸರ್ವರ್ ಬಿಟ್ಟು ಬೇರೆ ಕಡೆ ಇಟ್ಟ ಫೈಲನ್ನು ಮೂಸಿಯೂ ನೋಡದು. ಮೊಬೈಲಿನ ನೆಟ್ ಕೊಟ್ಟೆ, ಸರ್ವರ್ ಹೋಯಿತು. ವೈರು ಬದಲಾಯಿಸಿದೆ. ಬೇರೆ ಸಾಕೆಟ್ಟಿಗೆ ಚುಚ್ಚಿದೆ. ಕಂಪ್ಯೂಟರಿನ ಬೆನ್ನಿಗೊಂದು ಗುದ್ದೂ ಕೊಟ್ಟೆ. ಊಹೂಂ.

ಬಂದವರಿಗೆಲ್ಲ ಶುಕ್ರವಾರ ಬನ್ನಿ, ಶನಿವಾರ ಬನ್ನಿ ಎಂದು ಹೇಳಿ ಸಾಗಹಾಕಿದೆ. ಗುರುವಾರ ಹನ್ನೊಂದಕ್ಕೆ ಬಂದ ಮನುಷ್ಯನಿಗೆ ಮಾತ್ರ ಹಾಗೆ ಹೇಳುವಂತಿರಲಿಲ್ಲ.

ಆತ ಇಪ್ಪತ್ತೆರಡು ವರ್ಷದಿಂದ ಕ್ರೇನ್ ಓಡಿಸುವವನು. ನಮ್ಮ ಅಂಗಡಿಯಲ್ಲಿ ಅವನ ಹೆಸರೇ ಕ್ರೇನಣ್ಣ. ಎತ್ತರದಲ್ಲಿ ಒಬ್ಬನೇ ಕೂತು, ಕೆಳಗಿನವನು ವಾಕಿಟಾಕಿಯಲ್ಲಿ ‘ಇಳಿಸು, ನಿಲ್ಲಿಸು’ ಎಂದದ್ದನ್ನು ಕೇಳಿಸಿಕೊಂಡು ಟನ್ನುಗಟ್ಟಲೆ ಕಬ್ಬಿಣ ಇಳಿಸಬೇಕು. ಕಿವಿ ಮಂದವಾದ ಮೇಲೂ ನಮ್ಮ ಮಿಷನ್ ಹಾಕಿಕೊಂಡು ಮೆಡಿಕಲ್ ಪರೀಕ್ಷೆ ಪಾಸಾಗುತ್ತಾ ಬಂದಿದ್ದ. ಇಂಜಿನ್ನಿನ ಮೊರೆತ ಕಳೆದು ಮನುಷ್ಯರ ದನಿ ಮಾತ್ರ ಮುಂದೆ ಬರುವಂತೆ ಅವನ ಮಿಷನ್ನನ್ನು ಹದ ಮಾಡಲು ನನಗೆ ಮೂರು ತಿಂಗಳು ಹಿಡಿದಿತ್ತು. ಹೋದ ವಾರ ಅದು ಕಿವಿಯಿಂದ ಜಾರಿ, ಮೋಲ್ಡ್ ಸಮೇತ, ಕ್ರೇನಿನಿಂದಲೇ ಕೆಳಗೆ ಬಿದ್ದು ಪುಡಿಯಾಗಿತ್ತು. ಅಂಥದ್ದೇ ಹೊಸ ಮಿಷನ್ ತರಿಸಿದ್ದೆ. ಮೋಲ್ಡನ್ನು ಮಾವ ಹೊಸದಾಗಿ ಮಾಡುತ್ತಿದ್ದರು. ಸರ್ವರಿನಲ್ಲಿದ್ದ ಅವನ ಫೈಲನ್ನು ಹೊಸ ಮಿಷನ್ನಿಗೆ ಇಳಿಸಿದರೆ ಕೆಲಸ ಮುಗಿಯಿತು. ಹತ್ತು ನಿಮಿಷದ ಮಾತು.

ಮಿಷನ್ ಇಲ್ಲದೆ ಅವನಿಗೆ ಏನೂ ಕೇಳಿಸುವುದಿಲ್ಲ. ತನ್ನ ದನಿಯೂ ಕೇಳಿಸದೆ ಜೋರಾಗಿ ಹೇಳಿದ: “ಅಮ್ಮಾ, ಮೆಡಿಕಲ್ ನಾಲ್ಕು ಗಂಟೆಗೆ! ಹೋದ ವಾರ ಒಂದ್ಸಲ ಮುಂದೆ ಹಾಕಿದ್ರು. ಇವತ್ತು ತಪ್ಪಿದ್ರೆ ಕ್ರೇನ್ ಬೇರೆಯವನಿಗೆ. ನನ್ನನ್ನ ಗೋಡೌನಿನಲ್ಲಿ ಹಗ್ಗ ಎಣಿಸೋಕೆ ಕೂರಿಸ್ತಾರೆ!”

ಹಳೆಯ ಬಿಲ್ಲಿನ ಹಿಂದೆ ‘ಸ್ವಲ್ಪ ತೊಂದರೆ ಇದೆ, ಕೂತಿರಿ’ ಎಂದು ಬರೆದು ತೋರಿಸಿದೆ. ಅವನು ಓದಿ, ಹಲ್ಲು ಬಿಟ್ಟು, “ಕೂತೇ ತಾನೆ ನನ್ನ ಕೆಲಸ!” ಎಂದ. ನನಗೆ ನಗು ಬರಲಿಲ್ಲ.

ಅಲ್ಲಿಂದ ಒಂದೂವರೆಯ ತನಕ ನಾನು ಮಾಡದ ಸರ್ಕಸ್ಸಿಲ್ಲ. ಕಂಪ್ಯೂಟರನ್ನು ಒಂಬತ್ತು ಸಲ ಆಫ್ ಮಾಡಿ ಆನ್ ಮಾಡಿದೆ. ಒಮ್ಮೆ ಅವನ ಫೈಲಿನ ಹೆಸರು ಪರದೆಯ ಮೇಲೆ ಕಂಡೇಬಿಟ್ಟಿತು. ಒತ್ತಿದರೆ ‘ಇಂಟರ್ನೆಟ್ ಸಂಪರ್ಕವಿಲ್ಲ’. ನನ್ನ ಕಣ್ಣಲ್ಲಿ ನೀರೇ ಬಂತು. ಆಗೋಗುತ್ತೆಗೆ ಫೋನ್ ಮಾಡಿದರೆ, “ನೆಟ್ ಬರ್ತಾ ಇದೆಯಲ್ಲ ಮೇಡಂ, ನಮ್ಮ ಕಡೆಯಿಂದ ಎಲ್ಲ ಓಕೆ. ಸರ್ವರ್ ನಿಮ್ದು. ನೋಡಿ, ಆಗೋಗುತ್ತೆ” ಎಂದ. “ಏನಪ್ಪಾ ಆಗೋಗೋದು? ನನ್ನ ತಿಥಿನಾ?” ಎಂದೆ. ಕಟ್ ಮಾಡಿದ. ಗಂಡನಿಗೆ ಫೋನ್ ಮಾಡಿದರೆ ‘ನಾನು ಹೇಳಿರಲಿಲ್ವಾ’ ಎನ್ನುತ್ತಾರೆ. ಅದಕ್ಕಿಂತ ಅಂಗಡಿಗೆ ಬೀಗ ಹಾಕುವುದೇ ವಾಸಿ ಎಂದು ಮಾಡಲಿಲ್ಲ.

ಮಾವ ಎರಡು ಸಲ ಬಾಗಿಲಿಗೆ ಬಂದು ನಿಂತರು. ಮೊದಲ ಸಲ, “ಏನಾಗ್ತಾ ಇದೆ ಅಂತ ಒಂದಿಷ್ಟು ಹೇಳಮ್ಮ...” ಎಂದು ಶುರು ಮಾಡಿದರು.

“ನಿಮಗೆ ಹೇಳಿ ಏನು ಪ್ರಯೋಜನ ಮಾವ? ಇದೇನು ಉಜ್ಜೋ ಕೆಲಸನಾ?” ಎಂದೆ.

ಎರಡನೆಯ ಸಲ ಬಂದಾಗ ಬಾಯಿ ತೆರೆಯುವ ಮೊದಲೇ, “ದಯವಿಟ್ಟು ನನ್ನ ತಲೆ ತಿನ್ನಬೇಡಿ, ನಿಮ್ಮ ಮೋಲ್ಡ್ ನೀವು ಮುಗಿಸಿ” ಎಂದೆ. ಅವರು ಕನ್ನಡಕ ತೆಗೆದು ಅಂಗಿಯ ತುದಿಯಲ್ಲಿ ಒರೆಸಿಕೊಂಡು ಹಿಂದಕ್ಕೆ ಹೋದರು. ಕ್ರೇನಣ್ಣ ಕುರ್ಚಿಯಲ್ಲಿ ಕೂತು ನಮ್ಮಿಬ್ಬರ ಮುಖವನ್ನೂ ನೋಡುತ್ತಿದ್ದ. ಸ್ವಲ್ಪ ಹೊತ್ತಿನ ಮೇಲೆ ಮಾವ ಬಾಗಿಲಿನಿಂದ ಕೈಸನ್ನೆ ಮಾಡಿ ಅವನನ್ನು ಒಳಗೆ ಕರೆದರು, ಮೋಲ್ಡ್ ಕಿವಿಗೆ ಕೂರುತ್ತದೋ ನೋಡಲು.

ಹೊಸ ಕಂಪನಿಯ ಸಹಾಯವಾಣಿಗೆ ಫೋನ್ ಮಾಡಿ, ಹನ್ನೊಂದು ಸಲ ‘ನಿಮ್ಮ ಕರೆ ಮುಖ್ಯ’ ಕೇಳಿ ನಾನು ಕಿರುಚಿದ್ದು ಆಗಲೇ. ಹನ್ನೆರಡನೆಯ ಸಲಕ್ಕೆ ನಿಜವಾದ ಹೆಂಗಸೊಬ್ಬಳು ಸಿಕ್ಕಳು. ಪಾಪ, ತಾಳ್ಮೆಯವಳು. ನಾನು ಬಾಯಿಗೆ ಬಂದದ್ದನ್ನೆಲ್ಲ ಅಂದು ಮುಗಿಸುವ ತನಕ ಸುಮ್ಮನಿದ್ದು ಆಮೇಲೆ ಕೇಳಿದಳು: “ಎರಡೂ ಕಂಪ್ಯೂಟರಿಗೆ ಸಿಕ್ಕಿರೋ ಐಪಿ ವಿಳಾಸ ಓದ್ತೀರಾ ಮೇಡಂ?”

ಎಲ್ಲಿ ನೋಡಬೇಕೆಂದು ಅವಳೇ ಹೇಳಿಕೊಟ್ಟಳು. ಉದ್ದನೆಯ ಅಂಕಿಗಳು. ಫೋನ್ ಹಿಡಿದು ಕೌಂಟರಿಗೂ ಒಳಕೋಣೆಗೂ ಓಡಾಡಿ ಓದಿದೆ. ಎಲ್ಲ ಒಂದೇ ಥರ, ನಡುವಿನ ಒಂದು ಅಂಕಿ ಮಾತ್ರ ಕೌಂಟರಿನಲ್ಲಿ ಸೊನ್ನೆ, ಒಳಗೆ ಒಂದು.

“ಒಂದು ಅಂತ ನಮ್ಮ ರೂಟರ್ ಕೊಡೋದೇ ಇಲ್ಲ ಮೇಡಂ. ನಿಮ್ಮ ಅಂಗಡೀಲಿ ಇನ್ನೊಂದು ರೂಟರ್ ಓಡ್ತಾ ಇದೆ. ಎರಡೂ ವಿಳಾಸ ಹಂಚ್ತಾ ಇವೆ. ಅದು ಕೊಟ್ಟ ವಿಳಾಸ ಸಿಕ್ಕಿದವರು ಇಂಟರ್ನೆಟ್ ಇಲ್ಲದ ಒಂದು ಓಣಿ, ನಮ್ಮದು ಸಿಕ್ಕಿದವರು ಇನ್ನೊಂದು ಓಣಿ. ಒಬ್ಬರಿಗೊಬ್ಬರು ಕಾಣೋದಿಲ್ಲ.”

“ಇಲ್ಲಾ ರೀ! ಹಳೇದನ್ನ ನಾನೇ ನಿಂತು ತೆಗೆಸಿದ್ದೀನಿ. ನನ್ನ ಅಂಗಡಿ ನನಗೆ ಗೊತ್ತಿಲ್ವಾ? ನಿಮ್ಮ ತಪ್ಪು ಮುಚ್ಚಿಕೊಳ್ಳೋಕೆ ಇಲ್ಲದ ಪೆಟ್ಟಿಗೆ ಹುಟ್ಟಿಸಬೇಡಿ!”

“ಒಂದ್ಸಲ ಹುಡುಕಿ ನೋಡಿ ಮೇಡಂ,” ಎಂದಳು ಅವಳು, ಅದೇ ದನಿಯಲ್ಲಿ.

ನಾನು ಫೋನ್ ಇಟ್ಟು ಹಲ್ಲು ಕಡಿಯುತ್ತಾ ನಿಂತಿರುವಾಗ ಕ್ರೇನಣ್ಣ ಹಿಂದಿನ ಕೋಣೆಯಿಂದ ಬಂದ. ಕೌಂಟರಿನ ಮೇಲಿನ ಬಿಳಿಯ ರೂಟರನ್ನೂ ಅದರ ಹಸಿರು ದೀಪಗಳನ್ನೂ ಬಗ್ಗಿ ನೋಡಿ ಇಡೀ ಬೀದಿಗೆ ಕೇಳುವ ಹಾಗೆ ಕೇಳಿದ: “ಬೆಳಿಗ್ಗೆಯಿಂದ ಇದನ್ನೇ ರಿಪೇರಿ ಮಾಡ್ತಾ ಇದ್ದೀರಾ? ಇಂಥದ್ದೇ ಇನ್ನೊಂದು ಅಲ್ಲಿ ಯಜಮಾನ್ರ ಹತ್ರ ಇದೆಯಲ್ಲಾ! ಅದೂ ಹೀಗೇ ಮಿಣಮಿಣ ಅಂತಿದೆ!”

ಹಿಂದಿನ ಕೋಣೆಗೆ ನುಗ್ಗಿದೆ. ಮಾವನ ಮೇಜಿನ ಮೂಲೆಯಲ್ಲಿ, ಅರಗಳ ಡಬ್ಬಿಯ ಪಕ್ಕದಲ್ಲಿ, ಕಪ್ಪು ಪೆಟ್ಟಿಗೆ ಹಾಯಾಗಿ ಮಲಗಿತ್ತು. ದೀಪಗಳು ಮಿನುಗುತ್ತಿದ್ದವು. ಅದರ ಬೆನ್ನ ಮೇಲೆ ಮಡಿಸಿದ ಬಿಳಿಯ ಬಟ್ಟೆ, ಬಟ್ಟೆಯ ಮೇಲೆ ಸಾಲಾಗಿ ಮೂರು ಮೋಲ್ಡ್. ಕರೆಂಟಿನ ವೈರು ಹಾಕಿತ್ತು. ಅಷ್ಟು ಸಾಲದೆಂದು ನೆಟ್‌ವರ್ಕಿನ ವೈರನ್ನೂ ಗೋಡೆಯ ಸಾಕೆಟ್ಟಿಗೆ ಅಚ್ಚುಕಟ್ಟಾಗಿ ಸಿಕ್ಕಿಸಿದ್ದರು.

“ಇದನ್ನ ಯಾರು ಇಲ್ಲಿ ಹಾಕಿದ್ದು?”

“ನಾನೇ ಅಮ್ಮ,” ಎಂದರು ಮಾವ. “ಲೇಪ ಆರೋದಕ್ಕೆ. ಬಿಸಿಲಿಗಿಟ್ರೆ ಬಿರುಕು ಬಿಡುತ್ತೆ, ದೀಪದ ಕೆಳಗಿಟ್ರೆ ಹಳದಿ ಆಗುತ್ತೆ, ಫ್ಯಾನಿಗೆ ಧೂಳು ಕೂರುತ್ತೆ. ಹದಿನೈದು ವರ್ಷದಿಂದ ಇದರ ಮೇಲೇ ಇಡ್ತಾ ಇದ್ನಲ್ಲ? ಹೊಸದು ತಣ್ಣಗಿದೆ, ಮೇಲೆ ಜಾಗಾನೂ ಇಲ್ಲ.”

ನೋಡಿದ್ದೆ. ಹದಿನೈದು ವರ್ಷ ದಿನಾ ನೋಡಿದ್ದೆ. ಕೌಂಟರಿನಲ್ಲಿ ಗಿರಾಕಿಗಳ ಎದುರು ರೂಟರಿನ ಮೇಲೆ ಕಿವಿ ಅಚ್ಚು ಸಾಲಾಗಿ ಕೂತಿರುವುದು ಚೆನ್ನಾಗಿ ಕಾಣುವುದಿಲ್ಲ ಎಂದು ಗೊಣಗಿಯೂ ಇದ್ದೆ. ಯಾಕೆ ಅಲ್ಲೇ ಇಡುತ್ತಾರೆ ಎಂದು ಒಮ್ಮೆಯೂ ಕೇಳಿರಲಿಲ್ಲ.

“ಸರಿ, ಕರೆಂಟಿನ ವೈರು ಹಾಕಿದ್ರಿ. ಆ ವೈರು ಯಾಕೆ?”

“ಅದಿಲ್ಲದಿದ್ರೆ ಕೆಂಪು ದೀಪ ಉರೀತಿತ್ತು. ಕೆಟ್ಟುಹೋದೀತು ಅಂತ ಮೊದಲು ಹೇಗಿತ್ತೋ ಹಾಗೇ ಹಾಕಿದೆ. ಹಸಿರಾಯ್ತು. ನಿನ್ನನ್ನ ಕೇಳಿಯೇ ತಗೊಂಡಿದ್ದಮ್ಮಾ, ಸೋಮವಾರ.”

ಫೋನು, ಅಡ್ಡ ಹಿಡಿದ ಕೈ, ‘ಹೂಂ ಮಾವ, ಹೂಂ’ ಎಲ್ಲ ನೆನಪಾಯಿತು. ನಾಚಿಕೆಯಾಗಬೇಕಿತ್ತು. ಆಯಿತು ಕೂಡ. ಆದರೆ ನನ್ನಂಥವರಿಗೆ ನಾಚಿಕೆಯಾದಾಗ ದನಿ ಇನ್ನೂ ಏರುತ್ತದೆ. “ಕೇಳಿದ್ರಂತೆ! ನಾನು ಫೋನಲ್ಲಿ ಇರೋವಾಗ ಕೇಳಿದ್ರೆ ಅದು ಕೇಳಿದ ಹಾಗಾ?” ಎಂದು ಪೆಟ್ಟಿಗೆಯ ವೈರುಗಳೆರಡನ್ನೂ ಒಟ್ಟಿಗೆ ಹಿಡಿದೆ, ಕಿತ್ತು ಬಿಸಾಡಲು.

ಮಾವ ನನ್ನ ಕೈಯ ಮೇಲೆ ಕೈಯಿಟ್ಟರು. “ನಡುವಿನದು ಈತನ ಮೋಲ್ಡು,” ಎಂದರು. “ಇನ್ನು ಅರ್ಧ ಗಂಟೆ ಬೆಚ್ಚಗಿರಬೇಕು. ಹಸಿ ಇರೋವಾಗ ಹಾಕಿದ್ರೆ ಕಿವಿ ಉರಿಯುತ್ತೆ. ನಿನಗೆ ತೊಂದರೆ ಯಾವ ವೈರಿಂದ? ಅದೊಂದನ್ನ ತೆಗೆದ್ರೆ ಸಾಕಾಗಲ್ವಾ?”

ಸಾಕಾಗುತ್ತಿತ್ತು. ಅದೊಂದೇ ವೈರು. ಮೂರು ದಿನದ ನರಕವೆಲ್ಲ ಆ ಒಂದು ಗೇಣು ನೀಲಿ ವೈರಿನದು. ಅದನ್ನು ಕಿತ್ತೆ. ಪೆಟ್ಟಿಗೆಯ ಪಕ್ಕದಲ್ಲಿದ್ದ ವೈಫೈ ಗುಂಡಿಯನ್ನೂ ಒತ್ತಿ ಆರಿಸಿದೆ. ಕೆಂಪು ದೀಪ ಹತ್ತಿತು. ಪೆಟ್ಟಿಗೆಗೇನೂ ಆಗಲಿಲ್ಲ, ಬೆಚ್ಚಗೆ ಇದ್ದ ಹಾಗೇ ಇತ್ತು. ಸರ್ವರನ್ನೂ ಎರಡು ಕಂಪ್ಯೂಟರುಗಳನ್ನೂ ಆಫ್ ಮಾಡಿ ಆನ್ ಮಾಡಿದೆ. ಒಳಗಿನ ಪರದೆಯಲ್ಲಿ ಪ್ರೋಗ್ರಾಂ ತೆರೆಯಿತು. ಕ್ರೇನಣ್ಣನ ಫೈಲೂ ತೆರೆಯಿತು. ಮತ್ತೆ ಮುಚ್ಚಿ, ಮತ್ತೆ ತೆರೆದೆ. ಇತ್ತು. ಆಗ ಗಂಟೆ ಎರಡೂ ಹತ್ತು.

ಎರಡೂ ಮುಕ್ಕಾಲಿಗೆ ಮಾವ ಮೋಲ್ಡನ್ನು ಅಂಗೈಯಲ್ಲಿಟ್ಟುಕೊಂಡು ತಂದರು. ಕ್ರೇನಣ್ಣನನ್ನು ಸ್ಪಂಜಿನ ಕೋಣೆಯಲ್ಲಿ ಕೂರಿಸಿ, ಕಿವಿ ತಿರುಗಿಸಿ, ಮೆಲ್ಲಗೆ ಒತ್ತಿ ಕೂರಿಸಿದರು. ಒಂದು ಕೂದಲೆಳೆಯಷ್ಟೂ ಸಂದಿ ಇರಲಿಲ್ಲ. ನಾನು ಮಿಷನ್ ಜೋಡಿಸಿ ಫೈಲು ಇಳಿಸಲು ಒತ್ತಿದೆ. ಪರದೆಯ ಮೇಲೆ ನೀಲಿ ಪಟ್ಟಿ ನಿಧಾನಕ್ಕೆ ಉದ್ದವಾಗುತ್ತಿತ್ತು.

ಕಾಯುವಾಗ ಸುಮ್ಮನಿರಬಹುದಿತ್ತು. ಇರಲಿಲ್ಲ. ಕೆಲಸ ಆಗುತ್ತಿದೆ ಎಂಬ ಸಮಾಧಾನಕ್ಕೆ ಬಾಯಿ ಇನ್ನಷ್ಟು ಸಡಿಲವಾಯಿತು. “ಮೂರು ದಿನ ಮಾವ! ಮೂರು ದಿನ ನಾನಿಲ್ಲಿ ತಲೆ ಚಚ್ಚಿಕೊಳ್ತಾ ಇದ್ರೆ ನೀವು ಅಲ್ಲಿ ಪೆಟ್ಟಿಗೆ ಹೊತ್ತಿಸಿಕೊಂಡು ಆರಾಮಾಗಿ ಕೂತಿದ್ರಿ. ಗೊತ್ತಿಲ್ಲದ ಸಾಮಾನಿಗೆ ಕೈ ಹಾಕೋದ್ಯಾಕೆ? ವಯಸ್ಸಾದ ಮೇಲೆ ಒಂದು ಕಡೆ ಸುಮ್ಮನೆ ಕೂರೋದಕ್ಕೆ ಏನು ತೆಗೊಳ್ತೀರಿ? ಈ ಮನುಷ್ಯನ ಅನ್ನಕ್ಕೇ ಕಲ್ಲು ಬೀಳ್ತಿತ್ತಲ್ಲ, ನಿಮ್ಮ ಒಂದು...”

ಕ್ರೇನಣ್ಣನ ತಲೆ ಥಟ್ಟನೆ ಹಿಂದಕ್ಕೆ ಹೋಯಿತು. ಕೈ ಕಿವಿಯ ಹತ್ತಿರ ಬಂತು. ನೀಲಿ ಪಟ್ಟಿ ತುಂಬಿತ್ತು. ಮಿಷನ್ ಯಾವಾಗ ಚಾಲೂ ಆಯಿತೋ ನಾನು ನೋಡಿರಲೇ ಇಲ್ಲ.

“ಅಮ್ಮಾ,” ಎಂದ. ಬೆಳಿಗ್ಗೆಯಿಂದ ಕೂಗುತ್ತಿದ್ದವನ ದನಿ ಮೊದಲ ಸಲ ಮೆಲ್ಲಗಿತ್ತು. “ಸ್ವಲ್ಪ ನಿಧಾನ. ಈಗ ಕೇಳಿಸ್ತಾ ಇದೆ.”

ಅವನು ನನ್ನನ್ನೂ ಮಾವನನ್ನೂ ನೋಡಿದ. “ಬೆಳಿಗ್ಗೆಯಿಂದ ನೋಡ್ತಾನೇ ಇದ್ದೆ,” ಎಂದ. “ಅವರು ಬಂದು ಬಂದು ನಿಲ್ಲೋರು, ನಿಮ್ಮ ಬಾಯಿ ಆಡೋದು, ಅವರು ಹೋಗೋರು. ರಿಪೇರಿ ವಿಷಯ ಏನೋ ಅವರನ್ನ ಕೇಳಿ ತಿಳ್ಕೊಳ್ತಾ ಇದ್ದೀರಿ ಅಂದ್ಕೊಂಡಿದ್ದೆ.”

ನನಗೆ ನೆಲ ಬಾಯಿ ಬಿಡಬಾರದೇ ಅನ್ನಿಸಿತು. ಮಾವನೇ, “ಅವಳ ದನಿ ಮೊದಲಿಂದಲೂ ಸ್ವಲ್ಪ ಜೋರು ಅಷ್ಟೇ. ಎಲ್ಲಿ, ನಾನು ಹೇಳೋದು ಕೇಳಿಸ್ತಾ? ಇಳಿಸು. ನಿಲ್ಲಿಸು,” ಎಂದು ಬಾಯಿಗೆ ಕೈ ಅಡ್ಡ ಹಿಡಿದು ಪಿಸುಗುಟ್ಟಿದರು. ಕ್ರೇನಣ್ಣ ಕೈಯೆತ್ತಿ ಗಾಳಿಯಲ್ಲೇ ಕೊಕ್ಕೆ ಇಳಿಸಿದ, ನಿಲ್ಲಿಸಿದ. ಇಬ್ಬರೂ ನಕ್ಕರು.

ಮೂರೂ ಕಾಲಿಗೆ ಅವನು ಹೊರಟ. ನಾನು ಕೌಂಟರಿನಲ್ಲಿ ಕೂತು ಗಡಿಯಾರ ನೋಡಿದೆ, ಬೇರೆ ಕೆಲಸ ಮಾಡಲಾಗಲಿಲ್ಲ. ಐದಕ್ಕೆ ಹತ್ತು ನಿಮಿಷವಿರುವಾಗ ಮೆಸೇಜ್ ಬಂತು. ಸೀಲು ಒತ್ತಿದ ಕಾಗದದ ಫೋಟೋ, ಕೆಳಗೆ ‘ಪಾಸ್. ನಾಳೆಯಿಂದ ಮತ್ತೆ ಮೇಲೆ. ಯಜಮಾನ್ರಿಗೆ ಹೇಳಿ.’ ನನಗೆಂದು ಏನೂ ಬರೆದಿರಲಿಲ್ಲ. ಸರಿಯಾಗಿಯೇ ಇತ್ತು.

ಫೋನ್ ಹಿಡಿದು ಹಿಂದಿನ ಕೋಣೆಗೆ ಹೋದೆ. ಮಾವ ಕನ್ನಡಕ ಹಣೆಗೇರಿಸಿ ಓದಿ, “ಹಾಂ” ಎಂದಷ್ಟೇ ಹೇಳಿ ಮತ್ತೆ ಅರ ಕೈಗೆತ್ತಿಕೊಂಡರು. ನಾನು ಹೊರಗೆ ಹೋಗದೆ ಅಲ್ಲೇ ಸ್ಟೂಲಿನ ಮೇಲೆ ಕೂತೆ. ಆ ಸ್ಟೂಲಿನ ಮೇಲೆ ಕೂತು ಎಷ್ಟು ವರ್ಷವಾಗಿತ್ತೋ. ಕೈಯಲ್ಲಿದ್ದ ಫೋನ್ ಬಡಿದುಕೊಂಡಿತು. ಹೊಸ ಕಂಪನಿ, ಸಮಸ್ಯೆ ಬಗೆಹರಿಯಿತೇ ಎಂದು ಕೇಳುವ ಕರೆ. ಅದನ್ನು ಮೇಜಿನ ಮೇಲೆ ಬೋರಲು ಹಾಕಿದೆ.

“ಮಾವ, ಸೋಮವಾರ ನೀವು ಏನೋ ಕೇಳಿದ್ರಲ್ಲ. ಏನು ಕೇಳಿದ್ದು?”

“ಹೋಗಲಿ ಬಿಡು, ಆಗಿದ್ದಾಯ್ತು.”

“ಇಲ್ಲ, ಹೇಳಿ. ಹೇಗೆ ಕೇಳಿದ್ರೋ ಹಾಗೇ ಕೇಳಿ.”

ಬೋರಲು ಬಿದ್ದ ಫೋನು ಇನ್ನೂ ಬಡಿದುಕೊಳ್ಳುತ್ತಿತ್ತು. ಮಾವ ಅದನ್ನೊಮ್ಮೆ, ನನ್ನನ್ನೊಮ್ಮೆ ನೋಡಿದರು. ಆಮೇಲೆ ಅರ ಕೆಳಗಿಟ್ಟು, ಕೈ ಒರೆಸಿಕೊಂಡು, ಕಪ್ಪು ಪೆಟ್ಟಿಗೆಯ ಮೇಲೆ ಅಂಗೈಯಿಟ್ಟು ಕೇಳಿದರು:

“ಈ ಪೆಟ್ಟಿಗೆ ನಾನಿಟ್ಕೊಂಡು ಹೊತ್ತಿಸಿದ್ರೆ ನಿನ್ನ ಕೆಲಸಕ್ಕೇನಾದ್ರೂ ತೊಂದರೆ ಆಗುತ್ತೇನಮ್ಮಾ?”

“ಇಲ್ಲ ಮಾವ,” ಎಂದೆ. “ಆ ನೀಲಿ ವೈರೊಂದು ಹಾಕದಿದ್ರೆ ಸಾಕು.”

ಇಷ್ಟು ಹೇಳಲು ನನಗೆ ಸೋಮವಾರದಿಂದ ಗುರುವಾರದ ತನಕ ಬೇಕಾಗಿತ್ತು.